ರಾಜಕೀಯ ಮಾಡೋರು, ಮಾತಾಡೋರು: ವೇಲ್ಸ್‌ನ ಕಥೆ

2020ರ ಮೇ 10, ಭಾನುವಾರ ಸಂಜೆ. ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ ಟಿವಿಯಲ್ಲಿ ಬಂದರು. ಅಲ್ಲಿಯವರೆಗೆ ‘ಮನೆಯಲ್ಲೇ ಇರಿ’ ಅನ್ನುತ್ತಿದ್ದವರು ಆವತ್ತು ‘ಎಚ್ಚರವಾಗಿರಿ’ ಅಂದರು. ವೇಲ್ಸ್‌ನ ಕಾರ್ಡಿಫ್‌ನಲ್ಲೋ ಸ್ವಾನ್ಸಿಯಲ್ಲೋ ಸೋಫಾ ಮೇಲೆ ಕೂತು ನೋಡುತ್ತಿದ್ದವರಿಗೆ ಏನನ್ನಿಸಬೇಕು? ಲಾಕ್‌ಡೌನ್ ಸಡಿಲ ಆಯ್ತು ಅಂತಲೇ ಅಲ್ವಾ?

ಆಗಿರಲಿಲ್ಲ. ಆ ಮಾತು ಇಂಗ್ಲೆಂಡಿಗೆ ಮಾತ್ರ. ಬ್ರಿಟನ್ನಿನ ಇನ್ನೊಂದು ಭಾಗವಾದ ವೇಲ್ಸ್‌ನಲ್ಲಿ ಆರೋಗ್ಯ ಇಲಾಖೆ ಅಲ್ಲಿನ ಸರ್ಕಾರದ ಕೈಯಲ್ಲಿದೆ. ಆ ಸರ್ಕಾರ ‘ಮನೆಯಲ್ಲೇ ಇರಿ’ ಅನ್ನುವುದನ್ನೇ ಮುಂದುವರಿಸಿತು. ಬೆಟ್ಟ, ಬೀಚು ಅಂತ ಇಂಗ್ಲೆಂಡಿನಿಂದ ಕಾರು ಹತ್ತಿ ಬಂದವರನ್ನು ಪೊಲೀಸರು ಗಡಿಯಾಚೆಗೆ ವಾಪಸ್ ಕಳಿಸಿದರು. ವೇಲ್ಸ್‌ಗೆ ಫಸ್ಟ್ ಮಿನಿಸ್ಟರ್ ಅಂತ ಒಬ್ಬರಿದ್ದಾರೆ, ಅವರ ಹೆಸರು ಮಾರ್ಕ್ ಡ್ರೇಕ್‌ಫರ್ಡ್, ಅವರು ಹೇಳಿದ್ದೇ ಇಲ್ಲಿ ನಡೆಯುವುದು ಅನ್ನುವುದು ವೇಲ್ಸ್‌ನಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗೆ ಸರಿಯಾಗಿ ಅರ್ಥವಾಗಿದ್ದು ಆ ದಿನಗಳಲ್ಲಿ. ಸ್ವಂತ ಆಡಳಿತ ಶುರುವಾಗಿ ಆಗಲೇ 21 ವರ್ಷವಾಗಿತ್ತು!

ಸರ್ಕಾರ ಇದೆ, ಆದರೆ ಅದರ ಸುದ್ದಿ ಜನರಿಗೆ ತಲುಪುವುದಿಲ್ಲ. ವೇಲ್ಸ್ ರಾಜಕೀಯದ ಬಗ್ಗೆ ಏನೇ ಓದಿದರೂ ಮೊದಲು ಇದನ್ನು ತಲೆಯಲ್ಲಿಟ್ಟುಕೊಳ್ಳಬೇಕು. ಅಲ್ಲಿನ ಬಹಳಷ್ಟು ಜನ ನೋಡುವುದು ಲಂಡನ್ ಚಾನೆಲ್, ಓದುವುದು ಲಂಡನ್ ಪತ್ರಿಕೆ. ಹಾಗಾಗಿ ವೇಲ್ಸ್ ರಾಜಕೀಯವನ್ನು ರೂಪಿಸುವವರ ಪಟ್ಟಿ ಚಿಕ್ಕದು, ಅದರ ಬಗ್ಗೆ ಬರೆದು ಮಾತಾಡುವವರ ಪಟ್ಟಿ ಇನ್ನೂ ಚಿಕ್ಕದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅದೇ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ.

ಮೊದಲು ಅಧಿಕಾರದ ಲೆಕ್ಕ. ವೇಲ್ಸ್ ಜನಸಂಖ್ಯೆ ಸುಮಾರು 31 ಲಕ್ಷ. ಕಾರ್ಡಿಫ್ ಬಂದರಿನ ದಂಡೆಯಲ್ಲಿ ಅವರ ಶಾಸನಸಭೆ ಇದೆ. ಹೆಸರು ಸೆನೆದ್, ವೆಲ್ಷ್ ಭಾಷೆಯಲ್ಲಿ ಸಂಸತ್ತು ಅಂತ ಅರ್ಥ. ಫಸ್ಟ್ ಮಿನಿಸ್ಟರ್ ಅಂದರೆ ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿ. ಆರೋಗ್ಯ, ಶಿಕ್ಷಣ, ವಸತಿ, ಕೃಷಿ, ರಸ್ತೆ, ವೆಲ್ಷ್ ಭಾಷೆ ಕಾರ್ಡಿಫ್ ಪಾಲು. ಪೊಲೀಸು, ಕೋರ್ಟು, ರಕ್ಷಣೆ, ಪಿಂಚಣಿ ಲಂಡನ್ ಪಾಲು. ಟಿವಿ-ರೇಡಿಯೋ ಪ್ರಸಾರದ ವಿಷಯವೂ ಲಂಡನ್ನಿಗೇ ಸೇರಿದ್ದು. ಸೆನೆದ್ ಬಗ್ಗೆ ವರದಿ ಮಾಡುವ ಚಾನೆಲ್‌ಗಳ ಮೇಲೆ ಸೆನೆದ್‌ಗೇ ಅಧಿಕಾರ ಇಲ್ಲ.

ಇಷ್ಟಾದರೂ ಸಿಕ್ಕಿದ್ದು ಸುಲಭಕ್ಕಲ್ಲ. ಸ್ವಂತ ಶಾಸನಸಭೆ ಬೇಕಾ ಅಂತ ಕೇಳಿದ 1979ರ ಜನಮತಗಣನೆಯಲ್ಲಿ ಐದರಲ್ಲಿ ನಾಲ್ಕು ಮತ ‘ಬೇಡ’ ಅಂತ ಬಿದ್ದಿದ್ದವು. 1997ರ ಸೆಪ್ಟೆಂಬರ್ 18ರಂದು ಮತ್ತೆ ಕೇಳಿದರು. ರಾತ್ರಿಯಿಡೀ ಎಣಿಕೆ. 22 ಜಿಲ್ಲೆಗಳ ಪೈಕಿ 21ರ ಫಲಿತಾಂಶ ಬಂದಾಗಲೂ ‘ಬೇಡ’ ಅನ್ನುವವರೇ ಮುಂದೆ. ಬೆಳಗಿನ ಜಾವ ಕೊನೆಯದಾಗಿ ಬಂದ ಕಾರ್ಮಾರ್ಥನ್‌ಷೈರ್ ಲೆಕ್ಕ ಎಲ್ಲವನ್ನೂ ತಿರುವಿಹಾಕಿತು. ಗೆಲುವಿನ ಅಂತರ 6,721 ಮತ. ಜಿಲ್ಲೆಗಳ ಲೆಕ್ಕದಲ್ಲಿ ನೋಡಿದರೆ 11 ಆ ಕಡೆ, 11 ಈ ಕಡೆ. ಕೂದಲೆಳೆ ಅಂತರ ಅನ್ನುತ್ತೇವಲ್ಲ, ಇದೇ ಅದು.

ಆ ರಾತ್ರಿ ಗೆದ್ದವರು ಸರ್ಕಾರ ಕಟ್ಟಿದರು. ಆದರೆ ಅದರ ಮೇಲೆ ಕಣ್ಣಿಡುವ ಪತ್ರಿಕಾರಂಗವನ್ನು ಯಾರೂ ಕಟ್ಟಲಿಲ್ಲ. ಇದ್ದಿದ್ದು ಹಳೆಯ ಕೆಲವು ಮನೆಗಳು. 1869ರಲ್ಲಿ ಶುರುವಾದ ‘ವೆಸ್ಟರ್ನ್ ಮೇಲ್’ ಕಾರ್ಡಿಫ್‌ನದು. ಉತ್ತರ ವೇಲ್ಸ್‌ಗೆ ‘ಡೈಲಿ ಪೋಸ್ಟ್’. ಈಗ ಎರಡಕ್ಕೂ ಒಂದೇ ಕಂಪನಿ ಯಜಮಾನ. ಓದುವವರು ವರ್ಷದಿಂದ ವರ್ಷಕ್ಕೆ ಕಡಿಮೆ. ದೊಡ್ಡ ಸುದ್ದಿಮನೆ ಅಂದರೆ ಬಿಬಿಸಿ ವೇಲ್ಸ್; ಜೊತೆಗೆ ಐಟಿವಿಯ ವೇಲ್ಸ್ ವಿಭಾಗ. ವೆಲ್ಷ್ ಭಾಷೆಯಲ್ಲಿ ಎಸ್‌ಫೋರ್‌ಸಿ ಚಾನೆಲ್, ರೇಡಿಯೋ ಕಮ್ರಿ, ‘ಗೊಲುಗ್’ ವಾರಪತ್ರಿಕೆ. 2017ರಲ್ಲಿ ‘ನೇಷನ್ ಡಾಟ್ ಕಮ್ರಿ’ ಅನ್ನುವ ಸುದ್ದಿತಾಣ ಸೇರಿಕೊಂಡಿತು. ಇನ್ನು ಹಳ್ಳಿ-ಪಟ್ಟಣಗಳಲ್ಲಿ ‘ಪಾಪುರೈ ಬ್ರೊ’ ಅಂತ ಊರಪತ್ರಿಕೆಗಳಿವೆ. ಸಂಬಳವಿಲ್ಲದೆ ಊರವರೇ ಸೇರಿ ತರುವ ವೆಲ್ಷ್ ಮಾಸಿಕಗಳು. ಮೊದಲನೆಯದು 1973ರಲ್ಲಿ ಕಾರ್ಡಿಫ್‌ನಲ್ಲಿ ಬಂತು, ಈಗ ಸುಮಾರು ಐವತ್ತಿವೆ. ಯಾರ ಮನೆಯಲ್ಲಿ ಮದುವೆ, ಯಾವ ಶಾಲೆ ಮುಚ್ಚುತ್ತಿದೆ ಅನ್ನುವುದು ಇಲ್ಲಿ ಸಿಗುತ್ತದೆ. ಶಾಲೆ ಮುಚ್ಚುವುದು ರಾಜಕೀಯವೇ ತಾನೇ?

ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಿದರೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಬಿಬಿಸಿ ಮತ್ತು ಎಸ್‌ಫೋರ್‌ಸಿ ನಡೆಯುವುದು ಜನ ಕಟ್ಟುವ ಟಿವಿ ಲೈಸೆನ್ಸ್ ಹಣದಿಂದ. ‘ಗೊಲುಗ್’, ‘ನೇಷನ್ ಡಾಟ್ ಕಮ್ರಿ’ಯಂಥವಕ್ಕೆ ವೇಲ್ಸ್ ಪುಸ್ತಕ ಮಂಡಳಿಯ ಅನುದಾನ ಸಿಗುತ್ತದೆ. ಆ ಮಂಡಳಿಗೆ ಹಣ ಬರುವುದು ವೇಲ್ಸ್ ಸರ್ಕಾರದಿಂದ. ಸರ್ಕಾರವನ್ನು ಪ್ರಶ್ನೆ ಮಾಡುವವರಿಗೆ ಸುತ್ತಿ ಬಳಸಿ ಸರ್ಕಾರದ ದುಡ್ಡೇ ಬೇಕು. ಇದನ್ನು ಕೇಳಿ ಮೂಗು ಮುರಿಯುವುದು ಸುಲಭ. ಆದರೆ 31 ಲಕ್ಷ ಜನರಿರುವ ಕಡೆ, ಅದರಲ್ಲೂ ಪಕ್ಕದಲ್ಲೇ ಲಂಡನ್ ಪತ್ರಿಕೆಗಳು ಕೂತಿರುವಾಗ, ಬರೀ ಜಾಹೀರಾತು ನಂಬಿ ಸುದ್ದಿಮನೆ ನಡೆಸುವುದು ಆಗದ ಮಾತು.

ಕುರ್ಚಿ ಬದಲಾಯಿಸುವ ಆಟ

ಈಗ ಹೆಸರುಗಳಿಗೆ ಬರೋಣ. ಪ್ಲೈಡ್ ಕಮ್ರಿ ವೇಲ್ಸ್‌ನ ರಾಷ್ಟ್ರೀಯವಾದಿ ಪಕ್ಷ. 2023ರಲ್ಲಿ ಅದರ ನಾಯಕರಾದ ರೀನ್ ಆಪ್ ಯೊರ್ವೆರ್ಥ್ ಅದಕ್ಕೂ ಮುಂಚೆ ಬಿಬಿಸಿ ವೇಲ್ಸ್‌ನಲ್ಲಿ ರಾಜಕೀಯ ವರದಿಗಾರ. ರಾಜಕಾರಣಿಗಳ ಮುಂದೆ ಮೈಕ್ ಹಿಡಿಯುತ್ತಿದ್ದವರು 2013ರ ಉಪಚುನಾವಣೆಯಲ್ಲಿ ಗೆದ್ದು ಮೈಕಿನ ಆಚೆ ಬದಿಗೆ ಬಂದರು.

ಲೀ ವಾಟರ್ಸ್ ಕಥೆ ಇನ್ನೂ ಮಜಾ. ಟಿವಿ ಪತ್ರಕರ್ತರಾಗಿದ್ದರು. ಆಮೇಲೆ ಇನ್‌ಸ್ಟಿಟ್ಯೂಟ್ ಆಫ್ ವೆಲ್ಷ್ ಅಫೇರ್ಸ್ ಅನ್ನುವ ಚಿಂತಕರ ಚಾವಡಿಯ ನಿರ್ದೇಶಕರಾದರು. 1987ರಲ್ಲಿ ಹುಟ್ಟಿದ ಸಂಸ್ಥೆ ಅದು. ಸರ್ಕಾರ ಏನು ಮಾಡಬೇಕು ಅಂತ ವರದಿ ಬರೆಯುವುದು ಅದರ ಕೆಲಸ. 2016ರಲ್ಲಿ ಚುನಾವಣೆ ಗೆದ್ದು, ಮುಂದೆ ಉಪಸಚಿವರಾಗಿ ತಾವೇ ಆ ‘ಏನು ಮಾಡಬೇಕು’ ಅನ್ನುವುದನ್ನು ಮಾಡಿದರು. 2023ರ ಸೆಪ್ಟೆಂಬರ್ 17ರಿಂದ ಊರೊಳಗಿನ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 30 ಮೈಲಿಯಿಂದ 20 ಮೈಲಿಗೆ ಇಳಿಯಿತು. ನಮ್ಮ ಲೆಕ್ಕದಲ್ಲಿ ಸುಮಾರು 32 ಕಿಲೋಮೀಟರ್. ಆಮೇಲೆ ಏನಾಯ್ತು ಅಂತ ಮುಂದೆ ಹೇಳುತ್ತೇನೆ.

ಲೇಟನ್ ಆಂಡ್ರೂಸ್ 1997ರಲ್ಲಿ ‘ಹೌದು’ ಮತಕ್ಕಾಗಿ ಪ್ರಚಾರ ಮಾಡಿದವರು, ಬಿಬಿಸಿಯಲ್ಲಿ ಸಾರ್ವಜನಿಕ ವ್ಯವಹಾರ ನೋಡಿಕೊಂಡವರು, ಆಮೇಲೆ ಶಿಕ್ಷಣ ಸಚಿವ, ಆಮೇಲೆ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಒಬ್ಬರ ಜಾತಕದಲ್ಲೇ ಎಲ್ಲ ಮನೆಗಳೂ ಬಂದುಹೋದವು!

ಪ್ರೊಫೆಸರ್‌ಗಳ ಪಾತ್ರವಂತೂ ಇಲ್ಲಿ ತುಂಬಾ ಜಾಸ್ತಿ. ಕಾರ್ಡಿಫ್ ವಿಶ್ವವಿದ್ಯಾಲಯದ ವೇಲ್ಸ್ ಗವರ್ನನ್ಸ್ ಸೆಂಟರ್‌ನ ರಿಚರ್ಡ್ ವಿನ್ ಜೋನ್ಸ್ ಚುನಾವಣೆಯ ರಾತ್ರಿ ಎರಡೂ ಭಾಷೆಗಳ ಸ್ಟುಡಿಯೋಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಬಿಬಿಸಿಯ ಹಿರಿಯ ಪತ್ರಕರ್ತ ವಾನ್ ರಾಡೆರಿಕ್ ಜೊತೆ ಸೇರಿ ವೆಲ್ಷ್‌ನಲ್ಲಿ ಪಾಡ್‌ಕಾಸ್ಟನ್ನೂ ಮಾಡಿದ್ದಾರೆ. ಲಾರಾ ಮೆಕಾಲಿಸ್ಟರ್ ಒಂದು ಕಾಲದಲ್ಲಿ ವೇಲ್ಸ್ ಮಹಿಳಾ ಫುಟ್ಬಾಲ್ ತಂಡದ ನಾಯಕಿ. ಈಗ ಸಾರ್ವಜನಿಕ ನೀತಿಯ ಪ್ರೊಫೆಸರ್. ಸೆನೆದ್‌ನ 60 ಸೀಟು ಸಾಲದು, 80ರಿಂದ 90 ಬೇಕು ಅಂತ 2017ರಲ್ಲಿ ವರದಿ ಕೊಟ್ಟ ತಜ್ಞರ ಸಮಿತಿಗೆ ಇವರೇ ಮುಖ್ಯಸ್ಥೆ. ವೇಲ್ಸ್‌ನ ಮುಂದಿನ ದಾರಿ ಯಾವುದು ಅಂತ ಪರಿಶೀಲಿಸಿ 2024ರ ಜನವರಿಯಲ್ಲಿ ವರದಿ ಕೊಟ್ಟ ಸಂವಿಧಾನ ಆಯೋಗಕ್ಕೂ ಇವರು ಸಹ-ಅಧ್ಯಕ್ಷೆ. ಜೊತೆಗಿದ್ದವರು ಕ್ಯಾಂಟರ್‌ಬರಿಯ ಮಾಜಿ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್, ಅವರೂ ಸ್ವಾನ್ಸಿ ಕಡೆಯವರೇ. ಈಗಿನ ಅಧಿಕಾರ ಹೆಚ್ಚಿಸುವುದು, ಒಕ್ಕೂಟ ವ್ಯವಸ್ಥೆ, ಸ್ವಾತಂತ್ರ್ಯ, ಈ ಮೂರೂ ಸಾಧ್ಯವಿರುವ ದಾರಿಗಳೇ ಅಂದಿತು ಆಯೋಗ.

ಡ್ರೇಕ್‌ಫರ್ಡ್ ಕೂಡ ಇದೇ ಮನೆಯವರು. ಸಮಾಜನೀತಿಯ ಪ್ರೊಫೆಸರ್. 2000ದಿಂದ 2009ರವರೆಗೆ ಫಸ್ಟ್ ಮಿನಿಸ್ಟರ್ ಆಗಿದ್ದ ರೊಡ್ರಿ ಮಾರ್ಗನ್‌ಗೆ ಸಲಹೆಗಾರ. ಇಲ್ಲೊಂದು ಸಣ್ಣ ಘಟನೆ ಹೇಳಲೇಬೇಕು. 2002ರ ಡಿಸೆಂಬರ್‌ನಲ್ಲಿ ರೊಡ್ರಿ ಮಾರ್ಗನ್ ಸ್ವಾನ್ಸಿಯಲ್ಲಿ ಭಾಷಣ ಮಾಡಿದರು. ಲಂಡನ್ನಿನಲ್ಲಿ ಪ್ರಧಾನಿ ಟೋನಿ ಬ್ಲೇರ್, ಕಾರ್ಡಿಫ್‌ನಲ್ಲಿ ಇವರು, ಇಬ್ಬರೂ ಲೇಬರ್ ಪಕ್ಷದವರೇ. ಆದರೆ ನಮ್ಮ ದಾರಿ ಬೇರೆ ಅಂತ ತೋರಿಸಬೇಕಿತ್ತು. ಅದಕ್ಕೆ ಡ್ರೇಕ್‌ಫರ್ಡ್ ಮತ್ತವರ ಜೊತೆಯವರು ಬರೆದ ಭಾಷಣದಲ್ಲಿ ‘ಸ್ಪಷ್ಟ ಕೆಂಪು ನೀರು’ ಅನ್ನುವಂಥ ಒಂದು ಮಾತಿತ್ತು. ಇಬ್ಬರ ನಡುವೆ ಹರಿಯುವ, ಎದ್ದು ಕಾಣುವ ಕೆಂಪು ನೀರು ಅಂತ; ಕೆಂಪು ಲೇಬರ್ ಪಕ್ಷದ ಬಣ್ಣ. ಪತ್ರಕರ್ತರಿಗೆ ಮೊದಲೇ ಕೊಟ್ಟಿದ್ದ ಪ್ರತಿಯಲ್ಲಿ ಅದು ಅಚ್ಚಾಗಿತ್ತು. ಭಾಷಣದಲ್ಲಿ ಮಾರ್ಗನ್ ಆ ಮಾತು ಆಡಲೇ ಇಲ್ಲ! ಆದರೂ ಇವತ್ತಿಗೂ ಅವರ ಹೆಸರು ಹೇಳಿದರೆ ಜನ ನೆನಪಿಸಿಕೊಳ್ಳುವುದು ಅದನ್ನೇ. ಸಲಹೆಗಾರರು ಬರೆದರು, ಪತ್ರಕರ್ತರು ಪ್ರಿಂಟ್ ಮಾಡಿದರು, ಅಷ್ಟೇ. ನಾಯಕ ಸುಮ್ನೆ ನಿಂತಿದ್ದರೂ ಸಾಕಿತ್ತು.

ಹೀಗೆ ಕುರ್ಚಿ ಬದಲಾಯಿಸುತ್ತಾ ಹೋಗುವುದು ತಪ್ಪಾ? ನನಗೇನೋ ಪೂರ್ತಿ ತಪ್ಪು ಅನ್ನಿಸುವುದಿಲ್ಲ. ವಿಷಯ ಗೊತ್ತಿರುವವರು ಅಧಿಕಾರಕ್ಕೆ ಬರುವುದು ಒಳ್ಳೆಯದೇ. ತೊಂದರೆ ಬೇರೆ ಕಡೆ ಇದೆ. ಇವತ್ತು ಯಾರನ್ನು ಟೀಕೆ ಮಾಡಿ ಬರೆಯುತ್ತೀರೋ ನಾಳೆ ಅವರೇ ನಿಮ್ಮ ಮೇಲಧಿಕಾರಿ ಆಗಬಹುದು. ಅನುದಾನದ ಕಮಿಟಿಯಲ್ಲಿ ಇರಬಹುದು. ಮಕ್ಕಳನ್ನು ಬಿಡಲು ಹೋದಾಗ ಶಾಲೆಯ ಗೇಟಲ್ಲೇ ಸಿಗಬಹುದು. ಇದರ ಮೇಲೆ, 1999ರಿಂದ 2021ರವರೆಗೆ ಆರು ಚುನಾವಣೆಗಳಲ್ಲೂ ಲೇಬರ್ ಪಕ್ಷವೇ ಮೊದಲ ಸ್ಥಾನದಲ್ಲಿತ್ತು. ಅಧಿಕಾರದ ಮನೆ ಬದಲಾಗದಿದ್ದಾಗ ಆ ಮನೆಯ ಬಾಗಿಲಲ್ಲಿ ನಿಂತು ಬೈಯಲು ಇನ್ನೂ ಜಾಸ್ತಿ ಧೈರ್ಯ ಬೇಕು.

ಹಳೆಯ ಒಂದು ಮೆಸೇಜು

ಆ ಧೈರ್ಯ ಏನು ಮಾಡಬಲ್ಲದು ಅಂತ 2024ರಲ್ಲಿ ಕಂಡಿತು.

ಆ ವರ್ಷ ಮಾರ್ಚ್‌ನಲ್ಲಿ ಡ್ರೇಕ್‌ಫರ್ಡ್ ಜಾಗಕ್ಕೆ ವಾನ್ ಗೆಥಿಂಗ್ ಬಂದರು. ಯುರೋಪಿನ ಒಂದು ದೇಶದ ಸರ್ಕಾರ ನಡೆಸಿದ ಮೊದಲ ಕಪ್ಪು ವರ್ಣೀಯ ನಾಯಕ. ಪಕ್ಷದೊಳಗಿನ ಸ್ಪರ್ಧೆಯಲ್ಲಿ ಜೆರೆಮಿ ಮೈಲ್ಸ್ ವಿರುದ್ಧ ಕಷ್ಟಪಟ್ಟು ಗೆದ್ದಿದ್ದರು. ಆ ಪ್ರಚಾರಕ್ಕೆ ಒಂದು ಕಂಪನಿಯಿಂದ 2 ಲಕ್ಷ ಪೌಂಡ್ ದೇಣಿಗೆ ಬಂದಿತ್ತು. ಅದರ ಮಾಲೀಕರಿಗೆ ಪರಿಸರ ಅಪರಾಧಗಳಿಗಾಗಿ ಹಿಂದೆ ಶಿಕ್ಷೆಯಾಗಿತ್ತು. ತಾನು ಯಾವ ನಿಯಮವನ್ನೂ ಮುರಿದಿಲ್ಲ ಅಂತ ಗೆಥಿಂಗ್ ಕೊನೆಯವರೆಗೂ ಹೇಳಿದರು. ನಿಯಮದ ಪ್ರಶ್ನೆಯಲ್ಲಿ ಅದು ನಿಜವೇ. ಆದರೆ ಒಂದು ಪಕ್ಷದ ಒಳಜಗಳಕ್ಕೆ ವೇಲ್ಸ್‌ನಂಥ ಕಡೆ ಅಷ್ಟು ದುಡ್ಡು ಯಾರೂ ನೋಡಿರಲಿಲ್ಲ.

ಮೇ ತಿಂಗಳಲ್ಲಿ ‘ನೇಷನ್ ಡಾಟ್ ಕಮ್ರಿ’ ಒಂದು ಹಳೆಯ ಮೆಸೇಜ್ ಪ್ರಕಟಿಸಿತು. 2020ರ ಆಗಸ್ಟ್‌ನದು. ಮಂತ್ರಿಗಳ ಗುಂಪಿನಲ್ಲಿ ಗೆಥಿಂಗ್ ಬರೆದಿದ್ದರು: ಈ ಗುಂಪಿನ ಮೆಸೇಜುಗಳನ್ನು ಅಳಿಸುತ್ತಿದ್ದೇನೆ, ಮಾಹಿತಿ ಹಕ್ಕಿನಲ್ಲಿ ಇವು ಹೊರಗೆ ಬರಬಹುದು ಅನ್ನುವ ಅರ್ಥದ ಮಾತು. ಕೋವಿಡ್ ತನಿಖೆಯ ಮುಂದೆ ಮೆಸೇಜುಗಳ ಬಗ್ಗೆ ಅವರು ಮಾರ್ಚ್‌ನಲ್ಲಷ್ಟೇ ಸಾಕ್ಷಿ ಹೇಳಿ ಬಂದಿದ್ದರಿಂದ ಸುದ್ದಿ ಹೊತ್ತಿಕೊಂಡಿತು. ಅದು ಕೋವಿಡ್ ನಿರ್ಧಾರಗಳ ಕುರಿತ ಚರ್ಚೆಯೇ ಅಲ್ಲ ಅಂದರು ಗೆಥಿಂಗ್. ಮೆಸೇಜ್ ಸೋರಿದ್ದು ಸಚಿವೆ ಹ್ಯಾನಾ ಬ್ಲಿದಿನ್ ಅವರಿಂದ ಅಂತ ಅವರನ್ನು ವಜಾ ಮಾಡಿದರು. ಅವರು ಒಪ್ಪಲಿಲ್ಲ. ಆಮೇಲೆ ಆ ಸುದ್ದಿತಾಣ ಪತ್ರಕರ್ತರು ಸಾಮಾನ್ಯವಾಗಿ ಮಾಡದ ಕೆಲಸ ಮಾಡಿತು: ನಮಗೆ ಸುದ್ದಿ ಕೊಟ್ಟವರು ಬ್ಲಿದಿನ್ ಅಲ್ಲ ಅಂತ ಬಹಿರಂಗವಾಗಿ ಹೇಳಿತು. ಮೂಲ ಯಾರು ಅಂತ ಪತ್ರಕರ್ತರು ಹೇಳುವುದಿಲ್ಲ; ಯಾರಲ್ಲ ಅಂತಲೂ ಹೇಳುವುದಿಲ್ಲ. ಹೇಳಿದ್ದು ಅಪರೂಪ.

ಜೂನ್ 5ರಂದು ಸೆನೆದ್‌ನಲ್ಲಿ ಗೆಥಿಂಗ್ 29-27ರಲ್ಲಿ ವಿಶ್ವಾಸಮತ ಸೋತರು. ಲೇಬರ್‌ನ ಇಬ್ಬರು ಅವತ್ತು ಮತ ಹಾಕಿರಲಿಲ್ಲ. ಒಬ್ಬರು ಅದೇ ಬ್ಲಿದಿನ್, ಇನ್ನೊಬ್ಬರು ನಮ್ಮ ಲೀ ವಾಟರ್ಸ್. ಆ ಮತಕ್ಕೆ ಕಾನೂನಿನ ಬಲ ಇರಲಿಲ್ಲ, ಹಾಗಾಗಿ ಗೆಥಿಂಗ್ ಮುಂದುವರಿದರು. ಜುಲೈ 16ರ ಬೆಳಿಗ್ಗೆ ಜೆರೆಮಿ ಮೈಲ್ಸ್ ಸೇರಿ ಸರ್ಕಾರದ ನಾಲ್ವರು ಒಟ್ಟಿಗೆ ರಾಜೀನಾಮೆ ಕೊಟ್ಟರು. ಗೆಥಿಂಗ್ ಅದೇ ದಿನ ತಾನೂ ಹೋಗುತ್ತೇನೆ ಅಂದರು. ಅಧಿಕಾರಕ್ಕೆ ಬಂದು ನಾಲ್ಕು ತಿಂಗಳೂ ತುಂಬಿರಲಿಲ್ಲ. ಆಗಸ್ಟ್‌ನಲ್ಲಿ ಎಲಿನೆಡ್ ಮಾರ್ಗನ್ ಆ ಜಾಗಕ್ಕೆ ಬಂದರು, ವೇಲ್ಸ್‌ನ ಮೊದಲ ಮಹಿಳಾ ಫಸ್ಟ್ ಮಿನಿಸ್ಟರ್ ಆಗಿ.

ಬೆರಳೆಣಿಕೆಯ ಪತ್ರಕರ್ತರಿರುವ ಒಂದು ತಾಣ ಇಷ್ಟು ಮಾಡಿತು.

ಕೋಣೆಯ ಹೊರಗಿನವರು

ಹಾಗಂತ ವೇಲ್ಸ್ ರಾಜಕೀಯ ಪೂರ್ತಿ ಕಾರ್ಡಿಫ್‌ನ ನಾಲ್ಕು ಕಟ್ಟಡಗಳಲ್ಲೇ ನಡೆಯುತ್ತದೆ ಅಂದುಕೊಳ್ಳಬೇಡಿ. 20 ಮೈಲಿ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಆ ನಿಯಮ ತೆಗೆಯಿರಿ ಅಂತ ಸೆನೆದ್‌ಗೆ ಹೋದ ಅರ್ಜಿಗೆ ಸುಮಾರು 4 ಲಕ್ಷ 70 ಸಾವಿರ ಸಹಿ ಬಿದ್ದವು. ಸೆನೆದ್ ಇತಿಹಾಸದಲ್ಲೇ ಅಷ್ಟು ಸಹಿ ಯಾವುದಕ್ಕೂ ಬಿದ್ದಿರಲಿಲ್ಲ. ಪ್ರೊಫೆಸರ್‌ಗಳೂ ಚಾವಡಿಗಳೂ ಊಹಿಸದ ಸಿಟ್ಟು ಅದು. ಮರುವರ್ಷ ಸರ್ಕಾರ ಸ್ವಲ್ಪ ಬಗ್ಗಿತು. ಕೆಲವು ರಸ್ತೆಗಳನ್ನು ಮತ್ತೆ 30ಕ್ಕೆ ತರಲು ಸ್ಥಳೀಯ ಆಡಳಿತಗಳಿಗೆ ಹೇಳಿತು.

ರೈತರದ್ದು ಇನ್ನೊಂದು ಲೋಕ. ಜುಲೈನಲ್ಲಿ ನಡೆಯುವ ರಾಯಲ್ ವೆಲ್ಷ್ ಜಾತ್ರೆ ನಾಲ್ಕು ದಿನದ್ದು. ಕುರಿ, ದನ, ಟ್ರ್ಯಾಕ್ಟರ್ ಮಧ್ಯೆ ಮಂತ್ರಿಗಳು ಬೂಟು ಹಾಕಿಕೊಂಡು ಓಡಾಡಲೇಬೇಕು, ರೈತ ಸಂಘಗಳ ಮುಂದೆ ಬೈಸಿಕೊಳ್ಳಲೇಬೇಕು. 2023ರ ಕೊನೆಗೆ, ಸಬ್ಸಿಡಿ ಬೇಕಿದ್ದರೆ ಜಮೀನಿನ ಶೇ. 10ರಷ್ಟು ಭಾಗದಲ್ಲಿ ಮರ ಇರಬೇಕು ಅನ್ನುವ ಯೋಜನೆ ಬಂತು. 2024ರ ಫೆಬ್ರವರಿ ಕೊನೆಗೆ ಸಾವಿರಾರು ರೈತರು ಸೆನೆದ್ ಮುಂದೆ ಸೇರಿದರು. ಮರುವಾರ ಅದರ ಮೆಟ್ಟಿಲುಗಳ ಮೇಲೆ ಸಾಲಾಗಿ 5,500 ಜೊತೆ ಗಮ್‌ಬೂಟು ಇಟ್ಟರು. ಈ ಯೋಜನೆಯಿಂದ ಹೋಗಬಹುದು ಅಂತ ಅಂದಾಜಿಸಿದ್ದ ಕೆಲಸಗಳ ಸಂಖ್ಯೆ ಅದು. ಕಾಲೇ ಇಲ್ಲದ ಬೂಟುಗಳ ಫೋಟೋ ಯಾವ ಅಂಕಣಕ್ಕಿಂತ ಕಡಿಮೆ? ಅದೇ ವರ್ಷ ಶೇ. 10ರ ಆ ಷರತ್ತನ್ನು ಸರ್ಕಾರ ಕೈಬಿಟ್ಟಿತು.

ಕೆಲವು ಸಲ ವೇಲ್ಸ್‌ನ ಹಣೆಬರಹ ಬರೆಯುವ ಕೈ ವೇಲ್ಸ್‌ನಲ್ಲೇ ಇರುವುದಿಲ್ಲ. ಪೋರ್ಟ್ ಟಾಲ್ಬಟ್ ಉಕ್ಕಿನ ಕಾರ್ಖಾನೆ ನಮ್ಮ ಟಾಟಾದವರದು. 2024ರ ಸೆಪ್ಟೆಂಬರ್ 30ರಂದು ಅಲ್ಲಿನ ಕೊನೆಯ ಊದುಕುಲುಮೆ ಆರಿತು. ಕಂಪನಿ ಮುಂಬೈಯದು, ವಿದ್ಯುತ್ ಕುಲುಮೆಗೆ 50 ಕೋಟಿ ಪೌಂಡ್ ಕೊಡಲು ಒಪ್ಪಿದ್ದು ಲಂಡನ್. ಕಾರ್ಡಿಫ್ ಸರ್ಕಾರಕ್ಕೆ ಮಾತಾಡುವುದು ಬಿಟ್ಟು ಹೆಚ್ಚೇನೂ ಉಳಿದಿರಲಿಲ್ಲ.

ಇನ್ನು ಭಾಷೆಯ ವಿಷಯ. 2021ರ ಜನಗಣತಿ ಪ್ರಕಾರ ವೆಲ್ಷ್ ಬರುವವರು 5 ಲಕ್ಷ 38 ಸಾವಿರ, ಅಂದರೆ ಶೇ. 17.8. ಆದರೆ ರಾಜಕೀಯದ ಮಾತಿನಲ್ಲಿ ಆ ಭಾಷೆಯ ತೂಕ ಅದಕ್ಕಿಂತ ತುಂಬಾ ಜಾಸ್ತಿ. ಪ್ಲೈಡ್ ಕಮ್ರಿ ಹುಟ್ಟಿದ್ದೇ 1925ರ ಆಗಸ್ಟ್‌ನಲ್ಲಿ, ಪುಲ್‌ಹೆಲಿ ಊರಿನಲ್ಲಿ, ರಾಷ್ಟ್ರೀಯ ಐಸ್ಟೆಡ್‌ವೊಡ್ ನಡೆಯುತ್ತಿದ್ದಾಗ. ವರ್ಷಕ್ಕೊಂದು ಊರಿನಲ್ಲಿ ನಡೆಯುವ ಕವಿತೆ-ಹಾಡಿನ ಹಬ್ಬ ಅದು. ಇವತ್ತಿಗೂ ಆಗಸ್ಟ್ ಮೊದಲ ವಾರ ನಾಯಕರು, ಸಂಪಾದಕರು, ಪ್ರೊಫೆಸರ್‌ಗಳು ಎಲ್ಲರೂ ಆ ಮೈದಾನದಲ್ಲಿ ಸಿಗುತ್ತಾರೆ. ಆ ಪಕ್ಷದ ಸ್ಥಾಪಕರಲ್ಲಿ ಒಬ್ಬರಾದ ನಾಟಕಕಾರ ಸಾಂಡರ್ಸ್ ಲೂಯಿಸ್ 1962ರ ಫೆಬ್ರವರಿ 13ರಂದು ಬಿಬಿಸಿ ರೇಡಿಯೋದಲ್ಲಿ ಒಂದು ಉಪನ್ಯಾಸ ಕೊಟ್ಟರು. ಕನ್ನಡದಲ್ಲಿ ಹೇಳುವುದಾದರೆ ‘ಭಾಷೆಯ ಹಣೆಬರಹ’. ಅದನ್ನು ಕೇಳಿದ ಯುವಕರು ಅದೇ ವರ್ಷ ವೆಲ್ಷ್ ಭಾಷಾ ಸಂಘ ಕಟ್ಟಿದರು, ರಸ್ತೆಗಿಳಿದರು. ಎರಡು ಭಾಷೆಯ ರಸ್ತೆಫಲಕಗಳ ಹಿಂದೆ ಆ ಹೋರಾಟ ಇದೆ. 1980ರಲ್ಲಿ ವೆಲ್ಷ್ ಟಿವಿ ಚಾನೆಲ್‌ನ ಭರವಸೆಯನ್ನು ಪ್ರಧಾನಿ ಥ್ಯಾಚರ್ ಸರ್ಕಾರ ಮುರಿದಾಗ ಪ್ಲೈಡ್ ಕಮ್ರಿ ನಾಯಕ ಗ್ವಿನ್‌ವೊರ್ ಇವಾನ್ಸ್ ಆಮರಣ ಉಪವಾಸ ಕೂರುತ್ತೇನೆ ಅಂದರು. ಹೇಳಿದ ದಿನಕ್ಕೆ ಮುಂಚೆಯೇ ಥ್ಯಾಚರ್ ಮಣಿದರು. ಥ್ಯಾಚರ್! 1982ರ ನವೆಂಬರ್ 1ರಂದು ಎಸ್‌ಫೋರ್‌ಸಿ ಶುರುವಾಯಿತು. ಇವತ್ತು ಆ ಚಾನೆಲ್‌ನಲ್ಲಿ ಕೂತು ರಾಜಕೀಯ ವಿಶ್ಲೇಷಣೆ ಮಾಡುವವರು ಒಬ್ಬ ರಾಜಕಾರಣಿಯ ಹಟದಿಂದ ಹುಟ್ಟಿದ ಕುರ್ಚಿಯಲ್ಲೇ ಕೂತಿದ್ದಾರೆ.

ಅಬೆರಿಸ್ಟ್‌ವಿತ್‌ನಿಂದ ದಕ್ಷಿಣಕ್ಕೆ ಹೋಗುವ ರಸ್ತೆಯ ಪಕ್ಕ ಒಂದು ಮುರುಕು ಗೋಡೆ ಇದೆ. ಕೆಂಪು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ಎರಡೇ ಪದ: ‘ಟ್ರವೆರಿನ್ ನೆನಪಿರಲಿ’. ಲಿವರ್‌ಪೂಲ್ ನಗರಕ್ಕೆ ನೀರು ಬೇಕು ಅಂತ ಟ್ರವೆರಿನ್ ಕಣಿವೆಗೆ ಅಣೆಕಟ್ಟು ಕಟ್ಟಲು 1957ರಲ್ಲಿ ಲಂಡನ್ ಸಂಸತ್ತು ಕಾನೂನು ಮಾಡಿತು. ವೇಲ್ಸ್‌ನ ಒಬ್ಬ ಸಂಸದನೂ ಪರವಾಗಿ ಮತ ಹಾಕಲಿಲ್ಲ. ಆದರೂ ಪಾಸಾಯಿತು. 1965ರ ಹೊತ್ತಿಗೆ ಕಾಪೆಲ್ ಕೆಲಿನ್ ಹಳ್ಳಿ ನೀರಿನಡಿ ಸೇರಿತ್ತು, ಶಾಲೆ, ಚಾಪೆಲ್, ಅಂಚೆಕಚೇರಿ ಸಮೇತ. ಮುಳುಗಡೆಯ ಊರುಗಳ ಕಥೆ ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಗೋಡೆಯ ಮೇಲೆ ಮೊದಲು ಬರೆದ ಯುವಕ ಮೀಕ್ ಸ್ಟೀವನ್ಸ್ ಮುಂದೆ ಕವಿ, ಪತ್ರಕರ್ತ, ಪ್ರೊಫೆಸರ್ ಆದರು. 2019ರಲ್ಲಿ ಯಾರೋ ಆ ಗೋಡೆಯನ್ನು ಕೆಡಿಸಿದಾಗ ಜನ ಮತ್ತೆ ಕಟ್ಟಿದರು, ಬಣ್ಣ ಬಳಿದರು. ವೇಲ್ಸ್ ತುಂಬಾ ಹತ್ತಾರು ಗೋಡೆಗಳ ಮೇಲೆ ಅದೇ ಎರಡು ಪದ ಕಾಣಿಸಿಕೊಂಡವು.

ಕೊನೆಗೆ ಆ 60 ಸೀಟುಗಳ ವಿಷಯ. 2026ರ ಮೇ 7ರ ಚುನಾವಣೆಗೆ ಪ್ರೊಫೆಸರ್‌ಗಳು ಕೇಳಿದ್ದಕ್ಕಿಂತಲೂ ಜಾಸ್ತಿಯೇ ಸಿಕ್ಕಿತು: 96 ಸದಸ್ಯರು. 16 ಕ್ಷೇತ್ರ, ಒಂದೊಂದಕ್ಕೆ ಆರು ಜನ. ಮತದಾರ ಮತ ಹಾಕುವುದು ಪಕ್ಷದ ಪಟ್ಟಿಗೆ, ವ್ಯಕ್ತಿಗಲ್ಲ. ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಅಂತ ಪಕ್ಷವೇ ತೀರ್ಮಾನಿಸುತ್ತದೆ. ಪಕ್ಷದ ಕಚೇರಿಯ ಬಲ ಇದರಿಂದ ಹೆಚ್ಚಾಗುತ್ತದೆ, ನನಗೆ ಇದು ಅಷ್ಟು ಹಿಡಿಸಿಲ್ಲ. ಆದರೆ ಇನ್ನೊಂದು ವಿಷಯ ಹಿಡಿಸಿತು. ಆ 16 ಕ್ಷೇತ್ರಗಳಿಗೂ ಇಟ್ಟಿರುವುದು ವೆಲ್ಷ್ ಹೆಸರು ಮಾತ್ರ. ಬ್ರಿಚೈನಿಯೊಗ್ ಟಾವೆ ನೆದ್. ಗೂಯಿರ್ ಅಬೆರ್‌ಟಾವೆ. ಪೆನ್-ಅ-ಬೊಂಟ್ ಬ್ರೊ ಮೊರ್ಗನೂಗ್. ಫಲಿತಾಂಶ ಓದಬೇಕಾದ ಲಂಡನ್ನಿನ ಟಿವಿ ನಿರೂಪಕರು ಮೊದಲು ಇವನ್ನು ಬಾಯಿಪಾಠ ಮಾಡಿಕೊಳ್ಳಬೇಕು.